ಒಂದು ಕೆಮ್ಮು, ಎರಡು ಕೆಮ್ಮು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಅವನನ್ನು ಕಮಾಂಡಣ್ಣ ಅಂತಲೇ ಕರೆಯುತ್ತಿದ್ದರು. ಉಳಿದವರು ಮೌಸ್ ಹಿಡಿದು ತಡಕಾಡುವಷ್ಟರಲ್ಲಿ ಇವನು ಕರಿ ಪರದೆಯ ಮೇಲೆ ಎರಡು ಸಾಲು ಕಮಾಂಡ್ ಕುಟ್ಟಿ, ಯಂತ್ರದ ನೆಟ್‌ವರ್ಕ್ ವಿಳಾಸ ತೆಗೆದು, ಬದಲಿಸಿ, ಎದ್ದು ಹೋಗಿರುತ್ತಿದ್ದ. ಇನ್ನೂರು ಯಂತ್ರಗಳ ವಿಳಾಸ ಬಾಯಿಪಾಠ. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟಿದ್ದರೇ ಚೆನ್ನ.

ಎರಡು ವರ್ಷದಿಂದ ಅವನಿಗೆ ಅಕ್ಷರ ಕಾಣುತ್ತಿರಲಿಲ್ಲ. ನೋಟದ ನಡುವೆ ಮಸಿ ಮೆತ್ತಿದಂತೆ ಕಲೆ, ಅಂಚಿನಲ್ಲಷ್ಟೇ ಬೆಳಕು. ಓಡಾಡಲು ಅಷ್ಟು ಸಾಕಿತ್ತು, ಕೀಲಿಗಳು ಬೆರಳಿಗೇ ಗೊತ್ತಿದ್ದವು. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಅಷ್ಟರೊಳಗೆ ಗೊತ್ತಾದರೆ ಮುಲಾಜಿಲ್ಲದೆ ಮನೆಗೆ ಕಳಿಸುತ್ತಿದ್ದರು.

ಗುಟ್ಟು ಗೊತ್ತಿದ್ದದ್ದು ಅವನ ಭಾಮೈದನಿಗೆ ಮಾತ್ರ. ಅವನನ್ನು ಕೆಲಸಕ್ಕೆ ಸೇರಿಸಿದ್ದೂ, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಮಾಂಡ್ ಕಲಿಸಿದ್ದೂ ಕಮಾಂಡಣ್ಣನೇ. ಭಾಮೈದ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದ. ಸರಿ ಬಂದರೆ ಒಂದು ಕೆಮ್ಮು, ತಪ್ಪಿದರೆ ಎರಡು. "ನಿಮ್ಮ ಭಾಮೈದಂಗೆ ಈ ಕೆಮ್ಮು ವಾಸಿನೇ ಆಗಲ್ವಾ?" ಎಂದು ಔಷಧಿ ಕೊಡುವಾಕೆ ಕೇಳಿದ ದಿನ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ಆ ಸೋಮವಾರ ಮೇಲಧಿಕಾರಿ ಇಡೀ ಕೋಣೆಯನ್ನು ಅವನ ಮೇಜಿನ ಸುತ್ತ ಸೇರಿಸಿದ. "ಕಮಾಂಡಣ್ಣ, ಎಲ್ರಿಗೂ ಒಂದ್ಸಲ ತೋರ್ಸಿಬಿಡಿ. ಈ ಯಂತ್ರದ ವಿಳಾಸ ನಲವತ್ತೊಂದರಲ್ಲಿ ಮುಗಿಯುತ್ತಲ್ಲ, ಅದನ್ನ ಅರವತ್ತು ಮಾಡಿ."

ಹಿಂದೆ ಭಾಮೈದ ನಿಂತಿದ್ದ, ಅವನ ಹೆಜ್ಜೆಯ ಗುರುತಿತ್ತು. ಕಮಾಂಡಣ್ಣ ಧೈರ್ಯವಾಗಿ ಕುಟ್ಟಿದ. ಮೊದಲು ಹಳೆಯ ವಿಳಾಸ ನೋಡುವ ಕಮಾಂಡ್. ಒಂದು ಕೆಮ್ಮು. ಆಮೇಲೆ ಬದಲಿಸುವ ಉದ್ದನೆಯ ಸಾಲು. ಒಂದು ಕೆಮ್ಮು. ಕೊನೆಗೆ ಆಚೆಯ ಯಂತ್ರ ಉತ್ತರ ಕೊಡುತ್ತದೆಯೇ ಎಂದು ನಾಲ್ಕು ಸಲ ಕೇಳುವ ಪಿಂಗ್. ಮತ್ತೆ ಒಂದೇ ಕೆಮ್ಮು.

"ಏನು ಬಂತು, ಓದಿ ಹೇಳಿ," ಎಂದ ಅಧಿಕಾರಿ.

"ನಾಲ್ಕಕ್ಕೆ ನಾಲ್ಕೂ ಉತ್ತರ ಬಂದಿದೆ ಸಾರ್. ಇಲ್ಲೇ ಇದೆಯಲ್ಲ, ನೋಡಿ!" ಎಂದು ಕಮಾಂಡಣ್ಣ ಪರದೆಯತ್ತ ಬೆರಳು ತೋರಿಸಿದ.

ಯಾರೋ ಕಿಸಕ್ಕನೆ ನಕ್ಕರು.

"ಅಲ್ಲೇನೂ ಇಲ್ಲ," ಎಂದ ಅಧಿಕಾರಿ. "ಬೆಳಗ್ಗೆನೇ ಪರದೆ ಥರ ಅಕ್ಷರದ ಬಣ್ಣಾನೂ ಕಪ್ಪು ಮಾಡಿಸಿದ್ದೆ. ನಿಮ್ಮ ಭಾಮೈದ ಹೇಳಿದಾಗ ನಾನು ನಂಬಿರ್ಲಿಲ್ಲ."

ಕಮಾಂಡಣ್ಣನ ಬೆರಳು ಪರದೆಯತ್ತ ಚಾಚಿಕೊಂಡೇ ಇತ್ತು. ಅಧಿಕಾರಿ ಬಾಗಿ ಅಕ್ಷರಗಳನ್ನು ಬಿಳಿ ಮಾಡಿದ. ವಿಳಾಸ ಅರವತ್ತಾಗಿತ್ತು. ನಾಲ್ಕಕ್ಕೆ ನಾಲ್ಕೂ ಉತ್ತರ ಬಂದಿತ್ತು. ಒಂದು ಚುಕ್ಕಿ ಕೂಡ ಹೆಚ್ಚುಕಮ್ಮಿ ಇರಲಿಲ್ಲ.

ರಾಜೀನಾಮೆ ಪತ್ರ ಮೊದಲೇ ಟೈಪಾಗಿತ್ತು. ಅವನ ಕುರ್ಚಿಗೆ ಯಾರು ಬರುತ್ತಾರೆಂದೂ ತೀರ್ಮಾನವಾಗಿತ್ತು. ಕಮಾಂಡಣ್ಣ ಪೆನ್ನು ಹಿಡಿದು ಕಾಗದದ ಮೇಲೆ ಅತ್ತಿಂದಿತ್ತ ಕೈ ಆಡಿಸಿದ.

"ಎಲ್ಲಿ?" ಎಂದ, ಯಾರನ್ನೂ ಕೇಳದವನಂತೆ.

ಭಾಮೈದ ಹಿಂದಿನಿಂದ ಬಗ್ಗಿ, ಅವನ ಮಣಿಕಟ್ಟು ಹಿಡಿದು ಪೆನ್ನಿನ ತುದಿಯನ್ನು ಕಾಗದದ ಕೆಳಗಡೆ ಊರಿಸಿದ.

"ಇಲ್ಲಿ, ಭಾವ."

ಕಮಾಂಡಣ್ಣ ಸಹಿ ಹಾಕದೆ ಕಾದ. ಎರಡು ವರ್ಷದ ಅಭ್ಯಾಸ ಬಿಡಲಿಲ್ಲ.

ಭಾಮೈದ ಒಂದು ಸಲ ಕೆಮ್ಮಿದ.