ಕೈ ತೊಳೆದದ್ದು ಯಾಕೆ

ಖಡಕಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದ ಪ್ರೇಮಾವತಿಯ ಗಂಡ ಸದಾನಂದನನ್ನು ಅಡುಗೆಮನೆಯ ಕತ್ತಿಯಿಂದ ಕಡಿದು ಕೊಂದವನು ಅವಳ ಸ್ವಂತ ತಮ್ಮ ಸುಹಾಸ. ಯಾರೂ ಆಡದ ಮಾತುಗಳು ವರ್ಷಗಳಿಂದ ಅವನ ಕಿವಿಗೆ ಕೇಳುತ್ತಿದ್ದವು. ಕೊಲೆಯನ್ನು ಕಣ್ಣಾರೆ ಕಂಡವಳು ಪ್ರೇಮಾವತಿ ಒಬ್ಬಳೇ.

ತಮ್ಮನಿಗಾಗಿ ಅವಳೇ ಗೊತ್ತುಮಾಡಿದ್ದ ವಕೀಲೆ ಚಿತ್ರಾ ಮೊದಲೇ ಹೇಳಿದ್ದಳು: "ಹುಚ್ಚದ ಅಂದ್ರಷ್ಟ ಸಾಲಂಗಿಲ್ರಿ. ಆ ಹೊತ್ತಿನ್ಯಾಗ ಏನ್ ಮಾಡ್ಲಿಕತ್ತೀನಿ ಅಂತಾಗ್ಲಿ, ಅದು ತಪ್ಪಂತಾಗ್ಲಿ ಅವಗ ತಿಳೀತಿರಲಿಲ್ಲಂತ ತೋರಸ್ಬೇಕು."

ಸಾಕ್ಷಿ ಕಟಕಟೆಯಲ್ಲಿ ನಿಂತ ಪ್ರೇಮಾವತಿಯನ್ನು ಸರ್ಕಾರಿ ವಕೀಲರು ಕೇಳಿದರು, "ಕಡಿದ ಮೇಲೆ ಕೈ ತೊಳೆದನೇ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ತೊಳೆದ" ಎಂದಳು.

"ಅಂದರೆ ರಕ್ತದ ಗುರುತು ಅಳಿಸುವಷ್ಟು ಬುದ್ಧಿ ಇತ್ತು" ಎಂದು ಅವರು ಕುಳಿತರು. ತಮ್ಮನನ್ನು ತಾನೇ ನೇಣಿಗೆ ಕೊಟ್ಟೆನೆಂದು ಪ್ರೇಮಾವತಿಗೆ ಅನ್ನಿಸಿತು.

ಚಿತ್ರಾ ಎದ್ದು, ತೊಳೆದ ಮೇಲೆ ಏನು ಮಾಡಿದನೆಂದು ಕೇಳಿದಳು.

"ಎರಡು ತಟ್ಟೆಗೆ ಅನ್ನ ಬಡಿಸಿದ. ಇವರ ಪಕ್ಕ ಕೂತು, 'ಭಾವ, ಏಳಿ, ಊಟ ತಣ್ಣಗಾಗ್ತದೆ' ಅಂತ ಕರೀತಾ ಇದ್ದ. ಪೊಲೀಸರು ಬರುವ ತನಕ ಕರೀತಾನೇ ಇದ್ದ."

ವೈದ್ಯರ ಸಾಕ್ಷಿಯೂ ಅದಕ್ಕೆ ಹೊಂದಿತು. ಕೊಂದವನು ಅವನೇ, ಆದರೆ ಅಪರಾಧಿಯಲ್ಲ ಎಂದು ತೀರ್ಪು ಬಂತು.

"ಮನೆಗೆ ಬರ್ತಾನಾ?" ಎಂದು ಚಿತ್ರಾಳನ್ನು ಕೇಳಿದಳು ಪ್ರೇಮಾವತಿ.

"ಇಲ್ರಿ. ಮಾನಸಿಕ ಆಸ್ಪತ್ರ್ಯಾಗ ಕಾವಲಿನ್ಯಾಗ ಇಡ್ತಾರ."

ಅದನ್ನು ಕೇಳಿ ಮನಸ್ಸು ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. ಪೊಲೀಸರು ಕರೆದೊಯ್ಯುವಾಗ ಸುಹಾಸ ಅಕ್ಕನತ್ತ ಕೈ ಚಾಚಿದ. ಆ ಕೈ ಹಿಡಿಯಲು ಅವಳಿಂದ ಆಗಲಿಲ್ಲ. ಬಿಚ್ಚಿಕೊಂಡಿದ್ದ ಅವನ ಅಂಗಿಯ ಗುಂಡಿ ಹಾಕಿ ಕಳಿಸಿದಳು.