ಜಪಾನಿಗೆ ಮುಂಚೆ ಸ್ಯಾನ್ ಡಿಯಾಗೋ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ ನನ್ನದು. ಕೊರೋನಾ ಮುಗಿದು ಜಪಾನ್ ಮತ್ತೆ ಪ್ರವಾಸಿಗರಿಗೆ ಬಾಗಿಲು ತೆರೆದಾಗ ಟಿಕೆಟ್ ತೆಗೆದೆವು. ಅಂದಿನಿಂದ ಸೆರಿಟೋಸ್‌ನ ನಮ್ಮ ಅಡುಗೆಮನೆಯಲ್ಲಿ ಯಜಮಾನರಿಗೆ ದಿನವೂ ಪಾಠ. ದೊಡ್ಡ ಸೂಟ್‌ಕೇಸನ್ನು ಟೋಕಿಯೋದಿಂದಲೇ ಕ್ಯೋಟೋದ ಹೋಟೆಲಿಗೆ ಮುಂಚಿತವಾಗಿ ಕಳಿಸಿಬಿಡಬೇಕು. ನೆಲದ ಮೇಲೆ ಗುರುತು ಮಾಡಿದ ಕಡೆ ಸಾಲಾಗಿ ನಿಲ್ಲಬೇಕು. ರೈಲಿನೊಳಗೆ ಫೋನಿನಲ್ಲಿ ಹರಟಬಾರದು. ಬುಲೆಟ್ ರೈಲು ನಡುವಿನ ಊರುಗಳಲ್ಲಿ ನಿಲ್ಲುವುದೇ ಒಂದೆರಡು ನಿಮಿಷ, ಸುಮ್ಮನೆ ಇಳಿದರೆ ಕೆಟ್ಟಿರಿ. ಒಬ್ಬರನ್ನೊಬ್ಬರು ತಪ್ಪಿಸಿಕೊಂಡರೆ ಕೊನೆಯ ಸ್ಟೇಷನ್ನಿನಲ್ಲಿ ಕಾಯಬೇಕು. ಅವರು ಎಲ್ಲಕ್ಕೂ ತಲೆಯಾಡಿಸುತ್ತಿದ್ದರು.

ಪಾಠದ ಹಿಂದೆ ಭಯವಿತ್ತು. ಒಂದು ವರ್ಷದಿಂದ ಅವರಿಗೆ ಮರೆವು ಶುರುವಾಗಿತ್ತು. ಗ್ಲೆಂಡೇಲ್‌ನಲ್ಲಿರುವ ಮಗಳು "ಅಮ್ಮಾ, ಪ್ಲೀಸ್ ಕ್ಯಾನ್ಸಲ್ ಇಟ್" ಎಂದು ಒಂದೇ ಸಮನೆ ಪೀಡಿಸುತ್ತಿದ್ದಳು. ಅವರಿಗೋ ಜಪಾನ್ ನೋಡುವುದು ಬಹುಕಾಲದ ಆಸೆ. ಕೊನೆಗೆ, ಪರೀಕ್ಷೆ ಎಂದು ಬಾಯಿಬಿಡದೆ, ಅವರನ್ನು ರೈಲಿನಲ್ಲಿ ಸ್ಯಾನ್ ಡಿಯಾಗೋಗೆ ಹೊರಡಿಸಿದೆ. ಎಡವಿದರೆ ಜಪಾನ್ ರದ್ದು.

ಫುಲರ್ಟನ್‌ನಲ್ಲಿ ಹತ್ತಿದೆವು. ಅರ್ವೈನ್ ಹತ್ತಿರ ಬರುತ್ತಿದ್ದಂತೆ ಅವರು "ಕಾಫಿ ತರ್ತೀನಿ ಇರು" ಎಂದು ಎದ್ದು ಹೋದರು. ರೈಲು ನಿಂತಿತು. ಕಾಫಿಗೆಂದು ಇಳಿದೇಬಿಟ್ಟರೇನೋ! ಮೈಸೂರು ರೈಲಿನಲ್ಲಿ ಮದ್ದೂರು ಬಂತೆಂದರೆ ವಡೆಗೆಂದು ಇಳಿದೇ ಇಳಿಯುತ್ತಿದ್ದವರು ಅವರು. ರೈಲು ಕದಲಿದ ಮೇಲೆಯೇ ಓಡಿಬಂದು ಹತ್ತುತ್ತಿದ್ದರು. ಕಿಟಕಿಯಾಚೆ ಪ್ಲಾಟ್‌ಫಾರ್ಮಿನ ಮೇಲೆ ಅವರದೇ ಥರದ ನೀಲಿ ಟೋಪಿ ಕಂಡಿತು. "ರೀ! ರೀ!" ಎಂದು ಕೂಗುತ್ತ ದಡಬಡ ಇಳಿದೆ. ಟೋಪಿಯವರು ತಿರುಗಿದರೆ ಯಾರೋ ಬೇರೆಯವರು. ಅಷ್ಟರಲ್ಲಿ ಬಾಗಿಲು ಮುಚ್ಚಿ ರೈಲು ಹೊರಟೇಹೋಯಿತು. ಅವರ ಫೋನ್ ನನ್ನ ಹೆಗಲ ಬ್ಯಾಗಿನಲ್ಲೇ ಇತ್ತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮುಂದಿನ ರೈಲು ಬರುವವರೆಗೆ ಆ ಪ್ಲಾಟ್‌ಫಾರ್ಮನ್ನು ಎಷ್ಟು ಸಲ ಅಳೆದೆನೋ, ಎಷ್ಟು ದೇವರಿಗೆ ಹರಕೆ ಹೊತ್ತೆನೋ. ಮಗಳಿಗೆ ಫೋನ್ ಮಾಡುವ ಧೈರ್ಯ ಮಾತ್ರ ಬರಲಿಲ್ಲ.

ಸ್ಯಾನ್ ಡಿಯಾಗೋ ಸ್ಟೇಷನ್ನಿನ ಬೆಂಚಿನ ಮೇಲೆ ಅವರು ಆರಾಮವಾಗಿ ಕೂತಿದ್ದರು. ಪಕ್ಕದಲ್ಲಿ ಆರಿಹೋದ ಎರಡು ಕಾಫಿ.

"ಎಲ್ಲೇ ಇಳಿದ್ಬಿಟ್ಟೆ? ರೈಲೊಳಗೇ ಕಾಫಿ ಮಾರ್ತಿದ್ರಲ್ಲ! ತಪ್ಪಿಸ್ಕೊಂಡ್ರೆ ಕೊನೇ ಸ್ಟೇಷನ್ನಲ್ಲಿ ಕಾಯಿ ಅಂತ ನೀನೇ ತಾನೆ ಹೇಳಿದ್ದು? ಕಾಯ್ತಾ ಕೂತೆ."

ನನಗೆ ಅಳು ಒತ್ತರಿಸಿ ಬಂತು. ಅವರು ಒಂದು ಲೋಟ ನನ್ನ ಕೈಗಿಟ್ಟರು.

"ಈಗ್ಲಾದ್ರೂ ಹೇಳು," ಎಂದರು, "ನಾನು ಪಾಸಾದ್ನಾ?"

ಪಾಸಾದಿರಿ ಎಂದೆ. ಅವರ ಮುಖ ನೋಡಲು ನಾಚಿಕೆಯಾಯಿತು.