ಮುಳುಗುವ ಮೊದಲೇ ಬೆಲೆ ಕಟ್ಟುವ ಸುತ್ತಿಗೆ ಮಾವ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಡಕ್ಕೆಳೆದ ದೋಣಿಯ ಕೆಳಗೆ ಅಂಗಾತ ಮಲಗಿರುವ ಹಿರಿಯರೊಬ್ಬರು ಪುಟ್ಟ ಮರದ ಸುತ್ತಿಗೆಯಿಂದ ಹಲಗೆಗಳನ್ನು ಟಕ್ ಟಕ್ ತಟ್ಟುತ್ತಿದ್ದಾರೆ. ಬಂದರಿನವರಿಗೆಲ್ಲ ಇವರು 'ಸುತ್ತಿಗೆ ಮಾವ'. ವರದಿಗೆಂದು ಬಂದ ನಾನು ಮಾತಾಡಿಸಲು ಹೋದರೆ ಶ್ ಎಂದು ಗದರುತ್ತಾರೆ. ಗಟ್ಟಿ ಮರದ ಸದ್ದೇ ಬೇರೆ, ಕೊಳೆತದ್ದರ ಸದ್ದೇ ಬೇರೆಯಂತೆ.

ವಿಮೆಗಾಗಿ ದೋಣಿಗಳ ಬೆಲೆ ಕಟ್ಟುವುದು ಇವರ ಕೆಲಸ. ದೋಣಿ ಪೂರ್ತಿ ಹೋದರೆ ಇಷ್ಟು ಕೊಡಬೇಕೆಂದು ಮಾಲೀಕರೂ ಕಂಪನಿಯೂ ಮೊದಲೇ ಒಪ್ಪಿ ಸಹಿ ಹಾಕುತ್ತಾರೆ. ಆಮೇಲೆ ಹಳತಾಗಿತ್ತು, ಸವೆದಿತ್ತು ಎಂದು ಯಾರೂ ಕೊಸರಾಡುವಂತಿಲ್ಲ. ಇಬ್ಬರಿಗೂ ಒಪ್ಪಿಗೆಯಾಗುವ ಬೆಲೆ ಹೇಳಬೇಕಾದವರು ಮಾವ.

"ನಮ್ಮಪ್ಪನ ವಿಮೇಲಿ ಹೀಗೆ ಬೆಲೆ ಮೊದಲೇ ಬರೆದಿರಲಿಲ್ಲ. ದೋಣಿ ಮುಳುಗಿದ ಮೇಲೆ ಕಂಪನಿಯವರು ಬಂದು, ಹಳೇದು, ಸೌದೆ ರೇಟು ಅಂದ್ರು. ಅಪ್ಪ ಮತ್ತೆ ಹುಟ್ಟು ಮುಟ್ಟಲಿಲ್ಲ, ಕೊನೇವರೆಗೂ ಮೂಟೆ ಹೊತ್ರು. ಮುಳುಗಿದ ಮೇಲೆ ಚೌಕಾಸಿ ಮಾಡಬಾರದು ನೋಡಿ. ಆಗ ಮನುಷ್ಯ ಅರ್ಧ ಸತ್ತಿರ್ತಾನೆ" ಎನ್ನುತ್ತಾರೆ.

ಇವತ್ತಿನ ದೋಣಿಯನ್ನು ಕಟ್ಟಿದವರು ಈಗಿಲ್ಲ. ಅವರ ಹೆಂಡತಿಯೇ ಅದರಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಾರೆ. ಹಳೆಯ ವಿಮೆ ಇವತ್ತಿಗೆ ಮುಗಿಯುತ್ತದೆ. ಹೊಸದಿಲ್ಲದೆ ನಾಳೆ ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಮಾವ ಬರುತ್ತಾರೆಂದು ಆಕೆ ನಿನ್ನೆ ದೋಣಿಗೆಲ್ಲ ನೀಲಿ ಬಣ್ಣ ಬಳಿದುಬಿಟ್ಟಿದ್ದಾರೆ. ಇಲ್ಲಿ ಎಲ್ಲರೂ ಮಾಡುವ ಎಡವಟ್ಟೇ ಇದು.

"ಅಯ್ಯೋ, ಯಾಕಮ್ಮಾ ಬಳಿದೆ? ಮರ ಹೇಗಿದೆ ಅಂತ ನಾನು ಹೇಗೆ ನೋಡ್ಲಿ?"

"ಚೆನ್ನಾಗಿ ಕಾಣ್ಲಿ ಅಂತ, ಮಾವ..."

ಮಾವ ಗೊಣಗುತ್ತಲೇ ಬಣ್ಣ ಕೆರೆಯುತ್ತಾರೆ. ಆಕೆಗೆ ಅಳು ಒತ್ತರಿಸಿಕೊಂಡು ಬರುತ್ತದೆ. ತಳದ ಒಂದು ಹಲಗೆ ಮೆತ್ತಗಾಗಿದೆ. ಅದು ಬದಲಾಗದೆ ಬೆಲೆ ಬರೆಯುವಂತಿಲ್ಲ. ಬಡಗಿಗೆ ಫೋನ್ ಹೋಗುತ್ತದೆ. ಬೇರೆ ಕಡೆ ಕೆಲಸವಿದ್ದರೂ ಮಾವ ಜಾಗ ಬಿಟ್ಟು ಕದಲುವುದಿಲ್ಲ. ಹಲಗೆ ಕೂರುವವರೆಗೂ ಪಕ್ಕದಲ್ಲೇ ಕೂತು ಬಡಗಿಯ ತಲೆ ತಿನ್ನುತ್ತಾರೆ.

ಮಧ್ಯಾಹ್ನ ಬೆಲೆಯ ಮಾತಿಗೆ ಕೂರುತ್ತಾರೆ. ಮಾವ ಎಲ್ಲ ಮಾಲೀಕರಿಗೂ ಕೇಳುವುದು ಒಂದೇ ಪ್ರಶ್ನೆ.

"ಇದು ಹೋದ್ರೆ ಇಂಥದ್ದೇ ಇನ್ನೊಂದು ಕಟ್ಟಿಸೋಕೆ ಎಷ್ಟು ಬೇಕಮ್ಮಾ?"

"ಇಂಥದ್ದೇ ಹೇಗಾಗುತ್ತೆ ಮಾವ? ಕಟ್ಟಿದೋರೇ ಇಲ್ವಲ್ಲ."

ಮಾವ ಸುತ್ತಿಗೆ ಕೆಳಗಿಡುತ್ತಾರೆ.

"ಅವನ ಕೈಗೆ ಬೆಲೆ ಕಟ್ಟೋಕೆ ನಂಗೆ ಬರಲ್ಲ ತಾಯಿ" ಎನ್ನುತ್ತಾರೆ. "ಮರಕ್ಕೆ, ಮೊಳೆಗೆ, ಇಂಜಿನ್ನಿಗೆ ಕಟ್ತೀನಿ. ನೀನು ಮತ್ತೆ ನೀರಿಗಿಳಿಯೋಕೆ ಒಂದು ದೋಣಿ ಬರಬೇಕು. ಅಷ್ಟು ಬರೀಲಾ?"

ಆಕೆ ದೋಣಿಯ ಅಂಚನ್ನು ಸವರಿ, ಹೂಂ ಎಂದು ತಲೆಯಾಡಿಸುತ್ತಾರೆ. ಸ್ವಲ್ಪ ಇಳಿಸಿ ಎಂದು ಕಂಪನಿಯವರು ಫೋನಿನಲ್ಲಿ ಎಳೆದಾಡುತ್ತಾರೆ. ಮಾವ ಜಗ್ಗುವುದಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕಡೆಯ ಸಹಿ ಬೀಳುತ್ತದೆ.

ಮರುದಿನ ಬೆಳಿಗ್ಗೆ ಆಕೆಯ ದೋಣಿ ಜನ ತುಂಬಿಕೊಂಡು ಹೊರಡುತ್ತದೆ. ಅಲ್ಲಲ್ಲಿ ಬಣ್ಣ ಕಿತ್ತುಹೋಗಿ ನೋಡಲು ಚೂರೂ ಚೆನ್ನಾಗಿಲ್ಲ. ದೋಣಿ ಮುಳುಗಿ, ನೀವು ಬರೆದ ದುಡ್ಡು ಎಷ್ಟು ಜನರ ಕೈ ಸೇರಿದೆ ಎಂದು ನಾನು ಮಾವನನ್ನು ಕೇಳುತ್ತೇನೆ. ಅವರ ಕಣ್ಣು ದೋಣಿಯ ಮೇಲೇ ಇದೆ.

"ಅಯ್ಯೋ, ಸೇರೋದು ಬೇಡ. ಅವಳಿಗಂತೂ ಒಂದು ಪೈಸಾನೂ ಬರಬಾರದು. ಅದೇ ನನ್ನಾಸೆ."